ಐರಾವತದ ಮುಳ್ಳುಗಳು

ಹಿಂದೂಪುರ
೧೬ ಫೆಬ್ರವರಿ ೧೯೮೬

ಚಿರಂಜೀವಿ ಚೌಡೇಶ್ವರಿಗೆ, ನಿನ್ನ ಮಾವ ಆಂಜಿನಪ್ಪನ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ, ನಿನ್ನತ್ತೆ ರಾಮಕ್ಕ ಕ್ಷೇಮ, ಐರಾವತ ಮಾತ್ರ ಕ್ಷೇಮವಿಲ್ಲ. ಕಾಗದ ತಡವಾಯಿತು ಅಂತ ಬೈಕೋಬೇಡ ಕಣಮ್ಮ. ಹುಣಸೆಹಣ್ಣಿನ ಸುಗ್ಗಿ. ಮಂಡಿಯ ಮುಂದೆ ಎತ್ತಿನಗಾಡಿಗಳು ಸಾಲುಗಟ್ಟಿವೆ. ಕೈಯೆಲ್ಲ ಅಂಟು, ಒಂದು ಸಲ ಹಿಡಿದ ಪೆನ್ನು ಊಟಕ್ಕೆ ಕೂತರೂ ಬಿಡೋದಿಲ್ಲ.

ನಿಮ್ಮಪ್ಪ ನರಸಿಂಹಯ್ಯನವರ ಕಾಗದವೂ ಬಂತು. ರೊದ್ದಂನ ಮೇಷ್ಟ್ರು ಒಬ್ಬರು ನಿನ್ನನ್ನು ಕೇಳಿಕೊಂಡು ಬಂದಿದ್ದಾರಂತೆ, ಯುಗಾದಿಯೊಳಗೆ ಮಾತು ಬೇಕಂತೆ. ನೀನು ಮಾತ್ರ "ಹಿಂದೂಪುರದ ಅತ್ತೆ ಬಾಯಿಬಿಟ್ಟು ಹೂಂ ಅನ್ನೋವರೆಗೂ ನಾನು ಹೂಂ ಅನ್ನಲ್ಲ" ಅಂತ ಕೂತಿದ್ದೀಯಂತೆ. ನಮ್ಮ ಮಗ ದಾಸಣ್ಣ ಹೋಗಿ ಎರಡು ವರ್ಷವಾಯಿತು. ನಿನಗಿನ್ನೂ ಬದುಕೋ ವಯಸ್ಸು. ನನ್ನ ಹೂಂ ಬೇಕಾದರೆ ಇದೋ ಈ ಕಾಗದದಲ್ಲೇ ಇದೆ, ಕತ್ತರಿಸಿ ಇಟ್ಟುಕೋ. ನಿನ್ನತ್ತೆಯ ಹೂಂ ತರೋದು ನನ್ನ ಕೆಲಸ. ಸಮಯ ನೋಡಿ ಕೇಳ್ತೀನಿ. ಅಷ್ಟರೊಳಗೆ ಐರಾವತದ ಕಥೆ ಹೇಳ್ತೀನಿ, ಅದು ಸ್ವಲ್ಪ ಸುಲಭ.

ನಮ್ಮ ಬಿಳೀ ಕಾರಿಗೆ ಆ ಹೆಸರಿಟ್ಟವನು ನಾನೇ. ಆನೆಯಷ್ಟು ಕುಡಿಯುತ್ತೆ ಅಂತ ಆಗ ಗೊತ್ತಿರಲಿಲ್ಲ. ಈಗ ಎಷ್ಟು ಕುಡಿದಿದೆ ಅಂತಲೂ ಗೊತ್ತಾಗುತ್ತಿಲ್ಲ. ಪೆಟ್ರೋಲ್ ಮುಳ್ಳು ಏಕಾದಶಿ ಹಿಡಿದು ಮಲಗಿಬಿಟ್ಟಿದೆ. ಟ್ಯಾಂಕು ತುಂಬಿಸಿದರೂ ಖಾಲಿ ಅನ್ನುತ್ತೆ. ಹುಣಸೆ ಬರಲನ್ನು ಟ್ಯಾಂಕಿಗೆ ಇಳಿಬಿಟ್ಟು, ಎಲ್ಲಿಯವರೆಗೆ ಒದ್ದೆಯಾಯಿತು ಅಂತ ನೋಡಿ ನಾನು ಪ್ರಯಾಣ ಹೊರಡೋದು. ಬೀದಿಯವರು, ಆಂಜಿನಪ್ಪ ಕಾರೊಳಗೆ ಬಾವಿ ತೋಡಿಸವ್ನೆ ಅಂತ ಸುದ್ದಿ ಹಬ್ಬಿಸಿದ್ದಾರೆ.

ಬಿಸಿ ತೋರಿಸೋ ಮುಳ್ಳಿನದು ಇನ್ನೂ ವಿಚಿತ್ರ. ಹಗಲೆಲ್ಲ ಸಾಧು. ಸಂಜೆ ಹೆಡ್‌ಲೈಟು ಹಾಕಿದ್ದೇ ತಡ, ದೇವರು ಮೈಮೇಲೆ ಬಂದ ಹಾಗೆ ಎದ್ದು ಕೆಂಪು ಗೆರೆ ಮುಟ್ಟುತ್ತೆ. ಮೊನ್ನೆ ಪೆನುಕೊಂಡದ ಹತ್ತಿರ ಹೆದರಿ ಗಾಡಿ ನಿಲ್ಲಿಸಿದೆ. ಯಾರದೋ ತೋಟದ ತೊಟ್ಟಿಯಿಂದ ಕೊಡದಲ್ಲಿ ನೀರು ಹೊತ್ತು ತಂದೆ. ಬಾನೆಟ್ಟು ಎತ್ತಿದರೆ ಹಬೆಯಿಲ್ಲ, ಕುದಿಯೋ ಸದ್ದಿಲ್ಲ, ಎಂಜಿನ್ನು ಪರಮ ಶಾಂತ. ಹೊತ್ತ ನೀರನ್ನು ಏನು ಮಾಡೋದು? ನನ್ನ ಕಾಲು ತೊಳೆದುಕೊಂಡು ಬಂದೆ.

ಇಲ್ಲಿಯ ಮೆಕ್ಯಾನಿಕ್ಕು ಕಿಟಕಿಯಲ್ಲಿ ಒಂದು ಸಲ ಇಣುಕಿ "ಅನ್ನೀ ಮಾರ್ಚಾಲಿ ಸಾರ್" ಅಂದ. ಎಲ್ಲಾ ಬದಲಾಯಿಸಬೇಕಂತೆ! ಅಷ್ಟು ಬದಲಾಯಿಸಿದರೆ ಉಳಿಯೋದು ನಾನು ಮತ್ತು ಹಾರನ್ನು. ಆಗ ನಿನ್ನ ನೆನಪಾಯಿತು. ಕಲ್ಯಾಣದುರ್ಗದಲ್ಲಿ ನಿಮ್ಮಪ್ಪನ ಬ್ಯಾಟರಿ ಅಂಗಡಿಯಲ್ಲೇ ಆಡಿ ಬೆಳೆದವಳು ನೀನು. ಮದುವೆಯಾಗಿ ಬಂದ ಹೊಸದರಲ್ಲಿ, ಕೈಯ ಗೋರಂಟಿ ಇನ್ನೂ ಮಾಸಿರಲಿಲ್ಲ, ಮೈಲಿ ಮೀಟರು ಕಿರುಗುಡುತ್ತೆ ಅಂತ ಅದರ ಕೇಬಲ್ ಬಿಚ್ಚಿ ಎಣ್ಣೆ ಬಿಟ್ಟೆಯಲ್ಲ. ನಿನ್ನತ್ತೆ ಟಾರ್ಚ್ ಹಿಡಿದುಕೊಂಡು "ಅಯ್ಯೋ, ಊರೋರು ನೋಡಿದ್ರೆ ಏನಂತಾರೆ, ಬೇಗ ಬಿಗಿಯೇ" ಅಂತ ಬೀದಿ ಕಾಯ್ತಿದ್ದಳು. ಆದರೆ ಟಾರ್ಚ್ ಮಾತ್ರ ಒಂದು ಚೂರೂ ಅಲ್ಲಾಡಲಿಲ್ಲ.

ಆದ್ದರಿಂದ ತಾಯಿ, ರೋಗಲಕ್ಷಣ ಬರೆದಿದ್ದೀನಿ. ಔಷಧ ಬರೆದು ಕಳಿಸು.

ಇತಿ ನಿನ್ನ ಮಾವ,
ಆಂಜಿನಪ್ಪ


ಹಿಂದೂಪುರ
೯ ಮಾರ್ಚ್ ೧೯೮೬

ಚಿ. ಚೌಡೇಶ್ವರಿಗೆ, ಗೆದ್ದು ಬೀಗುತ್ತಿರುವ ಮಾವನ ಆಶೀರ್ವಾದಗಳು.

ನಿನ್ನ ಕಾಗದವನ್ನು ಮಂಡಿಯಲ್ಲಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿದೆ. "ಮಾವ, ದೀಪ ಹಾಕಿದಾಗ ಏಳೋ ಮುಳ್ಳು ಬಿಸಿಗೆ ಏಳ್ತಿಲ್ಲ. ಅರ್ತ್ ಕೆಟ್ಟಿದೆ. ದೀಪಕ್ಕೆ ಹೋದ ಕರೆಂಟು ವಾಪಸ್ಸು ಬರೋ ದಾರಿ ಮುಚ್ಚಿಹೋಗಿ, ಮೀಟರ್ ಮನೆಯೊಳಗೆ ನುಗ್ತಿದೆ. ಮೊದಲು ಬ್ಯಾಟರಿ ವೈರು ತೆಗೀರಿ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕಪ್ಪು ವೈರನ್ನ ಕಾರಿನ ತಗಡಿಗೆ ಬಿಗಿದಿರ್ತಾರೆ. ಆ ಜಾಗ ಹೊಳೆಯೋ ಹಂಗೆ ತಿಕ್ಕಿ ಮತ್ತೆ ಬಿಗೀರಿ. ಏನೂ ಬದಲಾಯಿಸ್ಬೇಡಿ."

ಅಷ್ಟೇ! ನಾಡಿ ಮುಟ್ಟದೆ ಔಷಧ ಕೊಡೋ ಪಂಡಿತರನ್ನು ಬೇಕಾದಷ್ಟು ಕಂಡಿದ್ದೀನಿ. ಅವರ ರೋಗಿಗಳು ಬದುಕಿದ್ದು ಕಾಣೆ. ನೀನು ಕಲ್ಯಾಣದುರ್ಗದಲ್ಲಿ ಕೂತು ಹಿಂದೂಪುರದ ರೋಗಿಯನ್ನು ಎಬ್ಬಿಸಿದೆ. ನಾನು ಸೀಟಿನ ಮೇಲೆ ಬೆನ್ನು ಹಾಕಿ, ತಲೆಯನ್ನು ಬ್ರೇಕಿನ ಹತ್ತಿರ ಇಟ್ಟು, ಕಾಲನ್ನು ಕಿಟಕಿಯಾಚೆ ಚಾಚಿ ಒಳಗೆ ಇಳಿದೆ. ಹೊಟ್ಟೆ ಸ್ಟೇರಿಂಗಿಗೆ ಸಿಕ್ಕಿಕೊಂಡಿತು. ನಿನ್ನತ್ತೆ ಬಾಗಿಲಲ್ಲಿ ನಿಂತು, "ಯಾರಾನ ಬಂದ್ರೆ ಏನಂತ ಹೇಳ್ಲಿ? ಯಜಮಾನ್ರು ಒಳಗವ್ರೆ, ಕಾಲು ಮಾತ್ರ ಹೊರಗೈತೆ, ಅದ್ರ ಕೂಡೇ ಮಾತಾಡಿ ಅನ್ಲಾ?" ಅಂದಳು.

ಹೊಳೆಯೋ ಹಾಗೆ ತಿಕ್ಕು ಅಂದೆಯಲ್ಲ, ಹಿಂದೂಪುರದವನಿಗೆ ಅದನ್ನೂ ಹೇಳಿಕೊಡಬೇಕೇ? ಮಂಡಿಯ ಒಳ್ಳೇ ಹೊಸ ಹುಣಸೆಹಣ್ಣು, ಅದರ ಮೇಲೆ ಕಲ್ಲುಪ್ಪು. ಹಚ್ಚಿ ಉಜ್ಜಿದೆ ನೋಡು, ಬೋಲ್ಟು ಮದುವೆಮನೆ ಕಳಶದ ಹಾಗೆ ಝಗ್ಗೆಂದಿತು. ಸಂಜೆ ದೀಪ ಹಾಕಿದೆ. ಬಿಸಿ ಮುಳ್ಳು ಕದಲಲಿಲ್ಲ. ನಾನು ಕುಣಿಯೋದೊಂದು ಬಾಕಿ.

ಆ ಸಂತೋಷದಲ್ಲೇ ಧೈರ್ಯ ಬಂದು, ನಿನ್ನತ್ತೆಯ ಹತ್ತಿರ ರೊದ್ದಂ ಮಾತು ತೆಗೆದೆ. ಅವಳು ಪಡಸಾಲೆಯಲ್ಲಿ ಹುಣಸೆ ಕುಟ್ಟಿ ಬೀಜ ಬಿಡಿಸುತ್ತಿದ್ದಳು. "ಚೌಡೀನ ಕೇಳ್ಕೊಂಡು ಬಂದವ್ರಂತೆ" ಅಂದೆ. ಕುಟ್ಟಿದಳು. ಕೇಳಿಸಲಿಲ್ಲವೇನೋ ಅಂತ ಜೋರಾಗಿ ಹೇಳಿದೆ. ಅದಕ್ಕಿಂತ ಜೋರಾಗಿ ಕುಟ್ಟಿದಳು. ಬೀಜವೊಂದು ಹಾರಿ ನನ್ನ ಹಣೆಗೆ ಬಿತ್ತು. ಇದನ್ನು ಹೂಂ ಅಂತಲೂ ಹೇಳೋಕಾಗಲ್ಲ, ಊಹೂಂ ಅಂತಲೂ ಹೇಳೋಕಾಗಲ್ಲ. ಇನ್ನೊಂದು ಸಲ ಕೇಳ್ತೀನಿ.

ಪೆಟ್ರೋಲ್ ಮುಳ್ಳು ಮಲಗೇ ಇದೆ. ಅದಕ್ಕೂ ಬರೆ.

ಇತಿ,
ಆಂಜಿನಪ್ಪ


ಹಿಂದೂಪುರ
೩೦ ಮಾರ್ಚ್ ೧೯೮೬

ಚಿ. ಚೌಡೇಶ್ವರಿಗೆ, ಸೋತು, ಬೈಸಿಕೊಂಡು, ಮತ್ತೆ ಗೆದ್ದ ಮಾವನ ಆಶೀರ್ವಾದಗಳು.

ಈ ಸಲವೂ ತಡವೇ. ಬೈಗುಳ ಅರಗಿಸಿಕೊಳ್ಳೋಕೆ ಸ್ವಲ್ಪ ದಿನ ಬೇಕಾಯಿತು. ನಾನು ಹಿಗ್ಗಿ ಹಿಗ್ಗಿ ಬರೆದ ಕಾಗದ ನಿನ್ನ ಕೈ ಸೇರೋಷ್ಟರಲ್ಲಿ ಇಲ್ಲಿ ಬಿಸಿ ಮುಳ್ಳಿಗೆ ಮತ್ತೆ ದೇವರು ಬಂದುಬಿಟ್ಟಿತ್ತು. ಇಣುಕಿ ನೋಡಿದರೆ ನನ್ನ ಕಳಶದ ಮೇಲೆ ಹಸಿರು ಕಿಲುಬು. ಅಷ್ಟರಲ್ಲಿ ನಿನ್ನ ಉತ್ತರ ಬಂತು. ಇದನ್ನು ಮಂಡಿಯಲ್ಲಿ ಓದಲಿಲ್ಲ.

"ಮಾವ, ಅದೇನು ದೇವ್ರ ಮನೆ ದೀಪವಾ? ಹುಣಸೆಹುಳಿ, ಉಪ್ಪು ಬಳಿದು ಹಂಗೇ ಬಿಗಿದ್ರೆ ವೈರು ತಿಂದ್ಹಾಕುತ್ತೆ. ಪಾತ್ರೆ ಬೆಳಗಿದ ಮೇಲೆ ಅತ್ತೆ ತೊಳೆಯದೆ ಇಡ್ತಾರಾ? ಬಿಚ್ಚಿ, ತೊಳೆದು, ಚೆನ್ನಾಗಿ ಒಣಗಿಸಿ, ಮರ ಉಜ್ಜೋ ಉಪ್ಪುಕಾಗದದಲ್ಲಿ ತಿಕ್ಕಿ. ಬಿಗಿದ ಮೇಲೆ ಒಂಚೂರು ಗ್ರೀಸ್ ಹಚ್ಚಿ. ಹಿಂದೂಪುರದ ಹುಣಸೆಹಣ್ಣು ಸಾರಿಗೆ ಇರ್ಲಿ."

ಇದನ್ನು ನಿನ್ನತ್ತೆಗೆ ಓದಿ ಹೇಳಿದೆ. ಎಷ್ಟೋ ದಿನದ ಮೇಲೆ ನಕ್ಕಳು ಕಣಮ್ಮ. "ಸರಿಯಾಗ್ ಕೇಳವ್ಳೆ" ಅಂದಳು. ನನಗೆ ಬೈದಿದ್ದಕ್ಕೆ ಈ ಮನೆಯಲ್ಲಿ ಇಷ್ಟು ಸಂತೋಷವಾಗೋದಾದರೆ ವಾರಕ್ಕೊಂದು ಬೈಗುಳ ಕಳಿಸು, ಅಂಚೆ ಖರ್ಚು ನನ್ನದು.

ಹೇಳಿದ ಹಾಗೆ ಮಾಡಿದೆ. ಬಿಸಿ ಮುಳ್ಳು ಈಗ ನಿಜವಾದ ಬಿಸಿಗೆ ಮಾತ್ರ ಏಳುತ್ತೆ.

ಆಮೇಲೆ ಪೆಟ್ರೋಲಿನ ಸರದಿ. "ಟ್ಯಾಂಕಿನ ಹತ್ತಿರ ಬರೋ ವೈರು ಬಿಚ್ಚಿ, ದೂರಕ್ಕೆ ಎಳೆದು, ಕಾರಿನ ತಗಡಿಗೆ ಗಟ್ಟಿಯಾಗಿ ಕಟ್ಟಿ. ಕಟ್ಟಿದ ಮೇಲೆ ಕೀ ತಿರುಗಿಸಿ, ಮೊದಲೇ ಅಲ್ಲ. ಅಲ್ಲಿ ಕಿಡಿ ಹಾರಿದ್ರೆ ಅತ್ತೆಗೆ ಉತ್ತರ ಹೇಳ್ಬೇಕಾದೋಳು ನಾನು. ಮುಳ್ಳು ಎದ್ದರೆ ತಕ್ಷಣ ಕೀ ಆರಿಸಿ. ಮೀಟರು ಚೆನ್ನಾಗಿದೆ ಅಂತರ್ಥ, ತಪ್ಪು ಟ್ಯಾಂಕಿನೊಳಗಿದೆ" ಅಂತ ನೀನು ಬರೆದಿದ್ದೆ. ಕಟ್ಟಿದೆ, ತಿರುಗಿಸಿದೆ. ಎಷ್ಟೋ ಕಾಲದಿಂದ ಮಲಗಿದ್ದ ಮುಳ್ಳು ಆಕಳಿಸಿಕೊಂಡು, ನಿಧಾನವಾಗಿ, ತುಂಬಿದ ಗುರುತಿನವರೆಗೂ ಎದ್ದುಬಂತು! ಪಾಪದ ಮುಳ್ಳು. ಕೆಳಗಿನಿಂದ ಬಂದ ಸುಳ್ಳನ್ನೇ ನಂಬಿ ಇಷ್ಟು ದಿನ ನಮಗೆ ಹೇಳುತ್ತಿತ್ತು. ಮೆಕ್ಯಾನಿಕ್ಕು ಬದಲಾಯಿಸಬೇಕು ಅಂದದ್ದು ಅದನ್ನೇ.

ಟ್ಯಾಂಕಿನೊಳಗೆ ತೇಲೋ ಹಿತ್ತಾಳೆ ಬುರುಡೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪೆಟ್ರೋಲ್ ಏರಿದರೆ ಅದೂ ಏರುತ್ತೆ, ಅದರ ಜೊತೆಗೆ ಮುಳ್ಳು. ಬಿಚ್ಚಿ ಹೊರತೆಗೆದು, ಒಣಗಿದ ಹುಣಸೆಕಾಯಿ ಹಣ್ಣಾಗಿದೆಯೋ ಅಂತ ಪರೀಕ್ಷೆ ಮಾಡೋ ಹಾಗೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಈ ಒಂದು ವಿದ್ಯೆಯಲ್ಲಿ ನನ್ನನ್ನು ಮೀರಿಸೋರಿಲ್ಲ. ಗುಳುಗುಳು ಅಂದಿತು. ಎಲ್ಲೋ ಕೂದಲೆಳೆಯಷ್ಟು ತೂತು ಬಿದ್ದು, ಬುರುಡೆಯೇ ಪೆಟ್ರೋಲ್ ಕುಡಿದು ತಳದಲ್ಲಿ ಕೂತುಬಿಟ್ಟಿದೆ! ತೇಲಬೇಕಾದ್ದೇ ಮುಳುಗಿದರೆ ಮೇಲಿರೋರಿಗೆ ಏನು ಗೊತ್ತಾಗಬೇಕು?

ಅದನ್ನು ಬಸಿದು, ಬಿಸಿಲಿಗಿಟ್ಟು, ವಾಸನೆ ಪೂರಾ ಹೋದ ಮೇಲೆ ನಮ್ಮ ಅಕ್ಕಸಾಲಿಗನ ಹತ್ತಿರ ಬೆಸುಗೆ ಹಾಕಿಸಿದೆ. ಅವನು ಕನ್ನಡಕ ಏರಿಸಿಕೊಂಡು "ಇದೇನು ಸ್ವಾಮೀ, ಅಮ್ಮೋರಿಗೆ ಡಾಬಿನ ಗುಂಡಾ?" ಅಂದ. ಎರಡು ಸಲ ಸೋರಿತು, ಮೂರನೆಯ ಸಲ ನಿಂತಿತು. ನಿನ್ನತ್ತೆ, "ನನ್ ಓಲೆ ಮುರಿದಾಗ ಒಂದ್ ದಪ ಹೋಗೋಕೆ ಪುರಸೊತ್ತಿರ್ಲಿಲ್ಲ. ಕಾರಿನ್ ಒಡವೆಗೆ ದಿನಾ ಹೋಯ್ತೀರಿ" ಅಂದಳು. ನಾನು ಐರಾವತವೂ ಮನೆಯ ಹೆಣ್ಣುಮಗಳೇ ಅಂದೆ. ಅವಳು, "ಮನೆ ಹೆಣ್ಮಗ್ಳು ಕಲ್ಯಾಣದುರ್ಗದಲ್ಲವ್ಳೆ" ಅಂದು ಒಳಗೆ ಹೋಗಿಬಿಟ್ಟಳು.

ಈಗ ಎರಡು ಮುಳ್ಳೂ ಸತ್ಯಹರಿಶ್ಚಂದ್ರರ ವಂಶ. ಇಡೀ ಹಿಂದೂಪುರದಲ್ಲಿ ನಂಬಬಹುದಾದವರು ಇವರಿಬ್ಬರೇ. ನಿನ್ನ ಬುದ್ಧಿಗೆ ನಾನು ಏನು ಕೊಡಲಿ ಹೇಳು? ಹೊಗಳೋಣವೆಂದರೆ ನೀನು "ಸಾಕು ಮಾವ, ಬ್ಯಾಟರಿಗೆ ನೀರು ನೋಡಿದ್ರಾ?" ಅಂತ ಬರೀತೀಯ.

ಕಾಗದದ ಕೊನೆಯಲ್ಲಿ ನೀನೊಂದು ಮಾತು ಕೇಳಿದ್ದೀಯ: "ಮೈಲಿ ಮೀಟರಿನ ವಿಷಯ ಒಂದು ಸಲವೂ ಬರೆದಿಲ್ಲ. ಅದೂ ನಿಂತಿದೆ ಅಂತ ನಮ್ಮಪ್ಪ ಹೇಳಿದ್ರು. ಯಾಕೆ ಬಿಟ್ಟಿರಿ?" ಬಿಟ್ಟಿದ್ದೇನಲ್ಲ ಕಣಮ್ಮ. ಹಳೇ ಗಾಡಿ, ಕೇಬಲ್ ತುಂಡಾಗಿರಬೇಕು ಅಂದುಕೊಂಡೆ. ಎಷ್ಟು ವೇಗ ಅಂತ ತಿಳಿಯೋಕೆ ನನಗೆ ಮೀಟರು ಬೇಡ. ಎಮ್ಮೆಗಳು ನಮ್ಮನ್ನು ಹಿಂದೆ ಹಾಕಿದರೆ ನಿಧಾನ, ನಾವು ಅವನ್ನು ಹಿಂದೆ ಹಾಕಿದರೆ ವೇಗ. ಆದರೂ ನಾಳೆ ನೋಡ್ತೀನಿ.

ಇನ್ನು ಮುಖ್ಯ ವಿಷಯ. ಯುಗಾದಿ ಹತ್ತಿರ ಬಂತು. ಇವತ್ತು ನಿನ್ನತ್ತೆಯನ್ನು ನೇರವಾಗಿ ಕೇಳಿದೆ, "ಏನಂತ ಬರೀಲಿ ಚೌಡಿಗೆ?" ಅಂತ. ಅವಳು ಕುಟ್ಟಲಿಲ್ಲ. ಸುಮ್ಮನೆ ಹೊರಗೆ ನಿಂತಿದ್ದ ಕಾರನ್ನೇ ನೋಡಿದಳು. ಅವಳ ಮನಸ್ಸಿನ ಮುಳ್ಳು ಎಲ್ಲಿ ನಿಂತಿದೆಯೋ ನನಗೆ ಕಾಣುತ್ತಿಲ್ಲ. ನೀನು ಮಾತ್ರ ನಮಗೋಸ್ಕರ ನಿಂತುಕೊಳ್ಳಬೇಡ. ನಾವು ಕೇಳದೆಯೇ ದೇವರು ಕೊಟ್ಟ ಮಗಳು ನೀನು. ಎಲ್ಲಿದ್ದರೂ ನಗ್ತಾ, ಬೈತಾ, ತಣ್ಣಗಿರು.

ಇತಿ ನಿನ್ನ ಮಾವ,
ಆಂಜಿನಪ್ಪ

ತಾ.ಕ.: ಕಾಗದ ಅಂಟಿಸೋ ಮುಂಚೆ ನಿನ್ನ ಮಾತಿಗೆ ಉತ್ತರ ಸೇರಿಸೋಣ ಅಂತ ಬೆಳಿಗ್ಗೆ ಮತ್ತೆ ತಲೆಕೆಳಗಾದೆ. ಕೇಬಲ್ ತುಂಡಾಗಿಲ್ಲ ಚೌಡಿ. ಯಾರೋ ಮೀಟರಿನಿಂದ ಬಿಚ್ಚಿದ್ದಾರೆ. ಧೂಳು ಹೋಗದ ಹಾಗೆ ತುದಿಗೆ ಬಟ್ಟೆ ಸುತ್ತಿ, ದಾರ ಕಟ್ಟಿ, ವೈರುಗಳ ನಡುವೆ ಮೆತ್ತಗೆ ಮಲಗಿಸಿದ್ದಾರೆ. ನೀಲಿ ಚೌಕಳಿ ಬಟ್ಟೆ. ನಿನ್ನನ್ನು ತೌರಿಗೆ ಬಿಟ್ಟು, ಮೈ ಸುಡೋ ಜ್ವರದಲ್ಲಿ ದಾಸಣ್ಣ ಒಬ್ಬನೇ ಕಾರು ಓಡಿಸಿಕೊಂಡು ಬಂದನಲ್ಲ, ಅವತ್ತು ತೊಟ್ಟಿದ್ದ ಅಂಗಿಯದು. ಆಮೇಲೆ ಅವನು ಹಾಸಿಗೆಯಿಂದ ಏಳಲಿಲ್ಲ.

ಎದ್ದು ಪಡಸಾಲೆಗೆ ಬಂದೆ. ನನ್ನ ಮುಖ ನೋಡಿ ರಾಮಕ್ಕನೇ ಹೇಳಿದಳು.

"ನಾನೇ ಬಿಚ್ಚಿದ್ದು. ಅವತ್ತು ಚೌಡಿ ಬಿಚ್ಚೋವಾಗ ಟಾರ್ಚ್ ಹಿಡ್ದಿದ್ನಲ್ಲ, ನೋಡಿ ಕಲ್ತಿದ್ದೆ. ನನ್ ಮಗ ತಂದು ನಿಲ್ಸಿದ್ ಅಂಕಿ ಅದು. ಅದ್ರ ಮುಂದಕ್ಕೆ ಹೋಗೋದು ಬ್ಯಾಡ ಅನ್ನಿಸ್ಬುಡ್ತು."

ಎರಡು ವರ್ಷ ನಾನು ಆ ಅಂಕಿಯ ಮುಂದೆ ಕೂತು ಊರೂರು ಸುತ್ತಿದ್ದೀನಿ. ಒಂದು ಸಲವೂ ಗೊತ್ತಾಗಲಿಲ್ಲ.

ಅವಳು ಕೈಯ ಅಂಟು ತೊಳೆದುಕೊಂಡು ಬಂದು "ಟಾರ್ಚ್ ಹಿಡೀರಿ" ಅಂದಳು. ಹಿಡಿದೆ. ನನ್ನದು ಅಲ್ಲಾಡಿತು. ಅವಳೇ ಕೇಬಲ್ ಸೇರಿಸಿ ಬಿಗಿದಳು, ಬಟ್ಟೆಚೂರನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕೀ ತೆಗೆದುಕೊಳ್ಳೋಕೆ ಕೈ ಚಾಚಿದೆ. ಕೊಡಲಿಲ್ಲ.

"ಮಂಡಿಗೆ ಹೋಗೋಕೆಲ್ಲ ಅದು ತಿರುಗ್ಬಾರ್ದು. ತಿರುಗೋದಾದ್ರೆ ಕಲ್ಯಾಣದುರ್ಗದ ದಾರೀಲೇ ತಿರುಗ್ಲಿ. ಅವ್ಳಿಗೊಂದು ಒಳ್ಳೇ ಸೀರೆ ತರೋಣ. ನಾನೇ ಬಂದು, ಅವ್ಳ ಮುಂದೆ ಬಾಯ್ಬಿಟ್ಟು ಹೂಂ ಅಂತೀನಿ. ಗುರುವಾರ ಬತ್ತೀವಿ ಅಂತ ಬರೀರಿ."

ಬರೆದಿದ್ದೀನಿ. ಐರಾವತ ಬಾಗಿಲಲ್ಲಿ ನಿಂತಿದೆ, ದಾಸಣ್ಣನ ಅಂಕಿಯಲ್ಲೇ. ಗುರುವಾರದವರೆಗೆ ನಾನು ಮಂಡಿಗೆ ನಡೆದುಕೊಂಡೇ ಹೋಗ್ತೀನಿ.