ಕ್ಯಾಪ್ಟನ್ ಕೊಂದ ಚಿರತೆ

ಸ್ಟ್ಯಾನ್ಮೋರ್, ಲಂಡನ್
೧೪ ನವೆಂಬರ್ ೧೯೯೮

ಪ್ರೀತಿಯ ಆಯಿ,

ನಿನ್ನ ಪಾದಕ್ಕೆ ಗುರುದೇವಿಯ ಶರಣು. ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಸೊಸೆಯ ಮೇಲೆ ಸಿಟ್ಟು ಮಾಡಿಕೊಂಡು ಹಾಗೇ ಮಲಗುತ್ತೀಯೋ? ಎಂದಿನಂತೆ ಬಸವಂತಪ್ಪ ಕಾಕಾ ಅವರೇ ಇದನ್ನು ಓದಿ ಹೇಳುತ್ತಿರಬೇಕು. ಗೌಡರ ಮಗನಾದರೂ ಪ್ರತಿ ಸಲ ನಮ್ಮ ಕಟ್ಟೆಗೆ ಬಂದು ಓದುತ್ತಾರೆ, ದೊಡ್ಡ ಮನಸ್ಸು. ಕಾಕಾ, ಈ ಸಲ ಒಂದು ಸಾಲನ್ನೂ ಹಾರಿಸಬೇಡಿ.

ನಾನು ಹಗಲು ಹೊತ್ತು ನೋಡಿಕೊಳ್ಳುವ ಮುದುಕಿ ಮಾರ್ಗರೆಟ್‌ಳ ಬಗ್ಗೆ ಬರೆದಿದ್ದೆನಲ್ಲ. ಅವಳ ಅಪ್ಪ ಕ್ಯಾಪ್ಟನ್ ಹ್ಯಾಡ್ಲಿ ಇಪ್ಪತ್ತು ವರ್ಷ ನಮ್ಮ ದೇಶದಲ್ಲಿ ಸೈನ್ಯದ ಅಧಿಕಾರಿಯಾಗಿದ್ದವನು. ಗೋಡೆ ತುಂಬ ಅವನ ಪದಕಗಳು. ಫೋಟೋದಲ್ಲಿ ಅವನ ಬಲಗೈ ಹೆಬ್ಬೆರಳು ಅರ್ಧವೇ ಇದೆ. ಚಿರತೆ ಕಚ್ಚಿತು, ಅಪ್ಪ ಅದರ ಬಾಯೊಳಗೇ ಗುಂಡು ಹೊಡೆದ ಎಂದು ನೂರು ಸಲ ಹೇಳಿದ್ದಾಳೆ. ಮೊನ್ನೆ ಅವಳ ಕೂದಲು ಕತ್ತರಿಸುತ್ತಿದ್ದಾಗ, ಆ ಚಿರತೆಯ ಹೊಟ್ಟೆಯಲ್ಲಿ ಸಿಕ್ಕ ಕಲ್ಲು ತೋರಿಸುತ್ತೇನೆಂದು ಕಪಾಟು ತೆರೆಸಿದಳು. ಬೆಳ್ಳಿ ಡಬ್ಬಿ, ಒಳಗೆ ಕರಿ ಕಲ್ಲು. ಆಯಿ, ಅದು ನಮ್ಮವರು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆ. ಒಳಗಿದ್ದದ್ದು ಇಷ್ಟಲಿಂಗ.

ಪಕ್ಕದಲ್ಲೇ ಅವನ ದಿನಚರಿಗಳಿದ್ದವು. ಮುದುಕಿಗೆ ಕಣ್ಣು ಮಂಜು, ಚಿರತೆಯ ಕಥೆ ಓದು ಎಂದಳು. ಓದುತ್ತಾ ಹೋದೆ. ೧೯೨೮ರಲ್ಲಿ ಗಡಿಯ ಬೆಟ್ಟಗಳಲ್ಲಿ ಊರುಗಳನ್ನು ಸುಟ್ಟ, ಮೊದಲ ಪದಕ. ಆಮೇಲೆ ಸಂತೆಯಲ್ಲಿ ಸೇರಿದವರ ಮೇಲೆ ಗುಂಡು ಹಾರಿಸಿದ, ಬಡ್ತಿ. ೧೯೪೨ರಲ್ಲಿ ನಮ್ಮೂರು. ಚಿರತೆ ಎಲ್ಲೂ ಇಲ್ಲ. ಇದ್ದದ್ದು ಇಷ್ಟು: "ಸ್ಟೇಷನ್ ಸುಟ್ಟವರ ಹೆಸರು ಹೇಳೆಂದು ಮುರಿಗೆಪ್ಪನನ್ನು ಬೇವಿನ ಮರಕ್ಕೆ ತಲೆಕೆಳಗಾಗಿ ಕಟ್ಟಿಸಿ ಎರಡು ದಿನ ಹೊಡೆಸಿದೆ. ಉಗುರು ಕೀಳಿಸಿದೆ. ಬಾಯಿ ಬಿಡಲಿಲ್ಲ. ಕೊರಳಿನ ಡಬ್ಬಿಗೆ ಕೈ ಹಾಕಿದಾಗ ಹೆಬ್ಬೆರಳು ಕಚ್ಚಿ ತುಂಡು ಮಾಡಿದ. ಬಾಯಿಗೆ ಪಿಸ್ತೂಲಿಟ್ಟು ಹೊಡೆದೆ."

ಆ ಚಿರತೆ ನಿನ್ನ ಗಂಡ, ನಮ್ಮ ಅಜ್ಜ, ಆಯಿ. ಮೂವರು ಗೆಳೆಯರು ಗಲ್ಲಿಗೇರಿದ ಪಾಪವನ್ನು ಊರು ಅವನ ಮೇಲೆ ಹಾಕಿತು. "ಮುರಿಗೆಪ್ಪ ಲಿಂಗಾ ಬಿಚ್ಚಿಕೊಟ್ಟು ಗೆಳ್ಯಾರ ಹೆಸರು ಹೇಳ್ಯಾನ" ಅಂತ ಐವತ್ತಾರು ವರ್ಷ ನಿನ್ನೆದುರಿಗೇ ಆಡಿತು. ಹೆಣದ ಮುಖದ ಬಟ್ಟೆ ತೆಗೆಯಲು ಆಗಿನ ಗೌಡರು ನಿನ್ನನ್ನು ಬಿಡಲಿಲ್ಲ. ನಮ್ಮವರಲ್ಲಿ ಅಂಗೈಯಲ್ಲಿ ಲಿಂಗವಿಲ್ಲದೆ ಯಾರನ್ನು ಹೂಳುತ್ತಾರೆ? ಅಜ್ಜನನ್ನು ಬರಿಗೈಯಲ್ಲಿ ಹೂತರು.

ನನ್ನ ಕೈಯಲ್ಲಿ ಕತ್ತರಿ ಇತ್ತು. ಮುದುಕಿಯ ಬಿಳಿ ಕುತ್ತಿಗೆ ಕಣ್ಣೆದುರಿಗೇ ಇತ್ತು. ಸುಳ್ಳು ಯಾಕೆ ಹೇಳಲಿ, ಚುಚ್ಚಿಬಿಡಬೇಕೆನಿಸಿತು. ಚುಚ್ಚಲಿಲ್ಲ, ಆ ಪುಟವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ, ಅವನು ನನ್ನಜ್ಜ ಎಂದೂ ಹೇಳಿದೆ. ಅವಳು ಡಬ್ಬಿ, ದಿನಚರಿ ಎರಡನ್ನೂ ನನ್ನ ಕಡೆ ತಳ್ಳಿದಳು. ಮುಂದಿನ ತಿಂಗಳು ತರುತ್ತೇನೆ. ಸಮಾಧಿ ತೆಗೆಸಿ ಅಜ್ಜನ ಲಿಂಗ ಅಜ್ಜನಿಗೆ ಕೊಡೋಣ. ಅಲ್ಲಿಯವರೆಗೆ ಗಟ್ಟಿಯಾಗಿರು. ನನ್ನ ಮಗಳು ಅಂಕಿತಾ ನಿನಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಮೊಮ್ಮಗಳು,
ಗುರುದೇವಿ

ತಾ.ಕ.: ಬಸವಂತಪ್ಪ ಕಾಕಾ, ಆ ಮೂವರನ್ನು ಹಿಡಿದುಕೊಟ್ಟವನ ಹೆಸರು ಮರುದಿನದ ಪುಟದಲ್ಲಿದೆ. ಅದು ನಿಮ್ಮ ತಂದೆಯವರದು. ಇದನ್ನೂ ಓದಿ ಹೇಳಿ. ಸ್ವಲ್ಪ ಗಟ್ಟಿಯಾಗಿ, ಆಯಿಗೆ ಕಿವಿ ಮಂದ.