ವೇನ್ ಹಾರಾಕ್ಸನ ಧೈರ್ಯವನ್ನು ಅಳೆದವರಿಗೆ

ಮಾನ್ಯ ಕ್ರಿಕೆಟ್ ನಿರ್ದೇಶಕರೇ,

ನಿಮ್ಮ ಕೌಂಟಿ ತಂಡದ ಈ ವರ್ಷದ ಕೈಪಿಡಿಯಲ್ಲಿ ವೇಗದ ಬೌಲರ್ ವೇನ್ ಹಾರಾಕ್ಸನ ಹದಿನಾಲ್ಕು ವರ್ಷಗಳನ್ನು ನೀವು ಮೂರು ಸಾಲಿನಲ್ಲಿ ಹೂತು ಹಾಕಿದ್ದೀರಿ. ನಾಲ್ಕು ದಿನಗಳ ಪಂದ್ಯಗಳಲ್ಲಿ ಮುನ್ನೂರೊಂದು ವಿಕೆಟ್: ‘ಶ್ರೇಷ್ಠ’. ಐವತ್ತು ಓವರ್‌ಗಳ ಪಂದ್ಯಗಳಲ್ಲಿ ಎಪ್ಪತ್ತೊಂಬತ್ತು: ‘ಸಾಧಾರಣ’. ಇಪ್ಪತ್ತು ಓವರ್‌ಗಳಲ್ಲಿ ಮೂವತ್ತಮೂರು, ಓವರಿಗೆ ಒಂಬತ್ತಕ್ಕೂ ಹೆಚ್ಚು ರನ್: ‘ವಿಫಲ’. ಅದರ ಕೆಳಗೆ, ನಿಮ್ಮ ಸಹಿಯ ಮೇಲೆ, ಒಂದು ತೀರ್ಪು: ‘ವೃತ್ತಿಜೀವನದ ಉತ್ತರಾರ್ಧದಲ್ಲಿ ಈತ ಧೈರ್ಯ ಕಳೆದುಕೊಂಡ.’ ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ. ಕೊನೆಯ ವಾಕ್ಯ ಸುಳ್ಳು. ಅದು ಸುಳ್ಳೆಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ನಾನು ಯಾರೆಂದು ನೆನಪಿದೆಯೇ? ಒಂಬತ್ತು ವರ್ಷಗಳ ಹಿಂದೆ, ಮೇ ತಿಂಗಳಾದರೂ ಬಿಡದ ಚಳಿಯಲ್ಲಿ, ನಿಮ್ಮ ಮೈದಾನಕ್ಕೆ ಬಂದ ಎದುರಾಳಿ ಕೌಂಟಿಯ ಆರಂಭಿಕ ಬ್ಯಾಟ್ಸ್‌ಮನ್ ನಾನು. ನೀವಾಗ ಹಾರಾಕ್ಸನ ನಾಯಕರು. ಚಹಾ ವಿರಾಮದ ನಂತರ ನಾನು ಅರವತ್ತೊಂದು ರನ್ ಗಳಿಸಿ ನಿಂತಿದ್ದೆ. ಅವನ ಕೈಗೆ ಚೆಂಡು ಕೊಡುತ್ತಾ, ನನಗೂ ಕೇಳಲಿ ಎಂದೇ ನೀವು ದನಿ ಏರಿಸಿದಿರಿ.

“ಲೇ ವೇನ್, ಸ್ಟಂಪ್ ಮರ್ತ್‌ಬಿಡು. ಇವನ ಮುಖ ನೋಡ್ಕೊಂಡು ಹಾಕು. ಆಂಬುಲೆನ್ಸ್‌ನಲ್ಲೇ ಮನೆಗೆ ಹೋಗ್ಲಿ.”

“ಪಿಚ್ ಸರಿಯಿಲ್ಲ ಕ್ಯಾಪ್ಟನ್. ಚೆಂಡು ಒಂದೊಂದ್ಸಲ ಒಂದೊಂದು ಥರ ಏಳ್ತಿದೆ. ಏನಾದ್ರೂ ಆಗ್ಬಿಡತ್ತೆ.”

“ಆಗ್ಲಿ ಅಂತಾನೇ ಹೇಳ್ತಿರೋದು.”

ಮೊದಲ ಚೆಂಡು ಪಕ್ಕೆಲುಬು ಮುರಿಯಿತು. ಎರಡನೆಯದು ನನ್ನ ಹೆಬ್ಬೆರಳನ್ನು ಬ್ಯಾಟಿನ ಹಿಡಿಗೆ ಒತ್ತಿ ಜಜ್ಜಿತು. ಮೂರನೆಯದು ಹೆಲ್ಮೆಟ್ಟಿನ ಕಂಬಿಗಳ ಮೇಲಿನ ಸಂದಿಯಲ್ಲಿ ನುಗ್ಗಿತು. ಕೆನ್ನೆಯ ಮೂಳೆ ಒಡೆದ ಸದ್ದು ನನ್ನ ತಲೆಯ ಒಳಗಿನಿಂದ ಕೇಳಿಸಿತು. ಸ್ಟಂಪುಗಳ ಮೇಲೆ ಬಿದ್ದೆ. ನಿಮ್ಮ ವಿಕೆಟ್‌ಕೀಪರ್ ಕೀತ್ ಲೋಮಸ್ ಮಂಡಿಯೂರಿ, ಉಸಿರು ಕಟ್ಟದಿರಲೆಂದು ನನ್ನ ಬಾಯಿಂದ ರಕ್ತವನ್ನೂ ಹಲ್ಲಿನ ಚೂರುಗಳನ್ನೂ ಬೆರಳು ಹಾಕಿ ತೆಗೆಯುತ್ತಿದ್ದರು. ಮೇಲಿನಿಂದ ನಿಮ್ಮ ದನಿ ಬಂತು: “ಬೇಲ್ಸ್ ಬಿದ್ದಿದೆ ಅಂಪೈರ್. ಔಟ್ ಕೊಡಿ.”

ಕೊಟ್ಟರು. ನಿಯಮ ನಿಮ್ಮ ಕಡೆಗಿತ್ತು. ರಕ್ತದ ಮೇಲೆ ಮರದ ಹೊಟ್ಟು ಸುರಿದು ಆಟ ಮುಂದುವರಿಸಿದಿರಿ. ನನ್ನ ಎಡಗಣ್ಣು ಅಂದಿನಿಂದ ಏನನ್ನೂ ಕಂಡಿಲ್ಲ. ನೀವು ‘ಶ್ರೇಷ್ಠ’ ಎಂದು ಮೆಚ್ಚಿದ ಆ ಮುನ್ನೂರೊಂದು ವಿಕೆಟ್‌ಗಳಲ್ಲಿ ನನ್ನದೂ ಒಂದು. ಈ ಗೌರವಕ್ಕೆ ಋಣಿ.

ಮರುದಿನ ಹಾರಾಕ್ಸ್ ಆಸ್ಪತ್ರೆಗೆ ಬಂದ. ನನ್ನ ದವಡೆಗೆ ತಂತಿ ಕಟ್ಟಿದ್ದರು. ‘ತೊಲಗು’ ಎಂದು ಕಾಗದದ ಮೇಲೆ ಗೀಚಿ ತೋರಿಸಿದೆ. ತೊಲಗಿದ. ಅದರ ಮರುದಿನ ಮತ್ತೆ ಬಂದು ಬಾಗಿಲಲ್ಲೇ ನಿಂತು, “ಇನ್ಮೇಲೆ ಯಾರ ತಲೆಗೂ ಹಾಕಲ್ಲ” ಎಂದ. ನಾನು ಗೋಡೆಯ ಕಡೆ ತಿರುಗಿದೆ. ನೀವು ಬರಲಿಲ್ಲ, ನಿಮ್ಮ ಕಾರ್ಯದರ್ಶಿಯಿಂದ ಹೂಗುಚ್ಛ ಬಂತು.

ಈಗ ‘ಸಾಧಾರಣ’ಕ್ಕೆ ಬರೋಣ. ಒಬ್ಬ ವೇಗದ ಬೌಲರ್ ತನ್ನ ಅತ್ಯಂತ ಭಯಂಕರ ಅಸ್ತ್ರವನ್ನು ತಾನಾಗಿ ಕೆಳಗಿಟ್ಟು, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕಸುಬನ್ನು ಮೊದಲಿನಿಂದ ಕಲಿಯುವುದೆಂದರೆ ಏನೆಂದು ನಿಮಗೆ ಗೊತ್ತೇ? ವೇಗ ತಗ್ಗಿಸಿ, ಬೆರಳು ಸವರಿ ಚೆಂಡು ತಿರುಗಿಸುತ್ತಾ, ಕಾಲ್ಬೆರಳಿಗೆ ಯಾರ್ಕರ್ ಇಳಿಸುತ್ತಾ, ಒಂದು ಸೆಮಿಫೈನಲಿನಲ್ಲಿ ಅವನು ಹತ್ತು ಓವರಿಗೆ ಇಪ್ಪತ್ತೆರಡೇ ರನ್ ಕೊಟ್ಟ. ಯಾರೂ ಸ್ಟ್ರೆಚರ್ ಮೇಲೆ ಹೋಗಲಿಲ್ಲ. ನಿಮ್ಮ ಲೆಕ್ಕದಲ್ಲಿ ಅದಕ್ಕೇ ಅದು ಸಾಧಾರಣವಿರಬೇಕು.

ಇನ್ನು ‘ವಿಫಲ’. ಐದು ವರ್ಷಗಳ ಹಿಂದಿನ ಇಪ್ಪತ್ತು ಓವರ್‌ಗಳ ಕ್ವಾರ್ಟರ್ ಫೈನಲ್. ಕೊನೆಯ ಓವರ್, ಎದುರಾಳಿಗೆ ಹದಿನೆಂಟು ರನ್ ಬೇಕು. ಬ್ಯಾಟ್ ಹಿಡಿಯಲು ಬಾರದ ಒಬ್ಬ ಸ್ಪಿನ್ನರ್ ಎದುರಿಗಿದ್ದ. ತಲೆಗೆ ಹಾಕೆಂದು ನೀವು ಕೈಸನ್ನೆ ಮಾಡಿದಿರಿ. ಹಾರಾಕ್ಸ್ ಇಲ್ಲವೆಂದು ತಲೆಯಾಡಿಸಿ ಆರೂ ಚೆಂಡುಗಳನ್ನು ಕಾಲ ಬುಡಕ್ಕೇ ಎಸೆದ. ಗುರಿ ತಪ್ಪಿದ ಮೂರು ಸಿಕ್ಸರ್ ಆದವು. ಸೋತಿರಿ.

ಮುಂದಿನದನ್ನು ಕಳೆದ ತಿಂಗಳು, ನಿಮ್ಮ ಕೈಪಿಡಿ ಓದಿ ತಡೆಯಲಾರದೆ, ಲೋಮಸ್ ನನ್ನ ಮನೆಗೆ ಬಂದು ಹೇಳಿದರು. ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿ, ನೀವು ಅವನ ಕತ್ತುಪಟ್ಟಿ ಹಿಡಿದು ಗೋಡೆಗೆ ಗುದ್ದಿದಿರಿ. “ಹೇಡಿ ನನ್ಮಗನೇ, ಹೇಳಿದ್ದು ಕೇಳಿಸ್ಲಿಲ್ವಾ?” ಎಂದಿರಿ. “ಕೇಳಿಸ್ತು, ಮಾಡಲ್ಲ” ಎಂದ ಅವನು. ನೀವು ಬ್ಯಾಟ್ ಎತ್ತಿ ಅವನ ಬಲ ಮಣಿಕಟ್ಟಿನ ಮೇಲೆ ಬಾರಿಸಿದಿರಿ. ಒಮ್ಮೆಯಲ್ಲ. ಮೂಳೆ ಚರ್ಮ ಹರಿದು ಹೊರಗೆ ಇಣುಕಿದ ಮೇಲೂ ಮತ್ತೊಮ್ಮೆ. ಸ್ನಾನದ ಕೋಣೆಯಲ್ಲಿ ಜಾರಿಬಿದ್ದನೆಂದು ಪತ್ರಿಕೆಗಳಿಗೆ ಹೇಳಿದಿರಿ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆಂದು, ಅಲ್ಲೇ ನಿಂತು ಎಲ್ಲ ನೋಡಿದ್ದ ಲೋಮಸರಿಗೂ ಹೇಳಿದಿರಿ. ಅವರು ಹೆದರಿ ಸುಮ್ಮನಿದ್ದರು. ಆ ಮಣಿಕಟ್ಟಿನಿಂದಲೇ ಅವನು ಮತ್ತೆ ನಾಲ್ಕು ಋತು ಎಸೆದ. ಓವರಿಗೆ ಒಂಬತ್ತು ರನ್ ಹೋಗದೆ ಇನ್ನೇನಾದೀತು?

ನಾನು ಹಾರಾಕ್ಸನನ್ನು ಹುಡುಕಿಕೊಂಡು ಹೋದೆ. ಈಗ ಮನೆಗಳ ಮಾಡಿಗೆ ಹೆಂಚು ಹೊದಿಸುವ ಕೆಲಸ ಅವನದು. ಏಣಿ ಇಳಿದು ಬಂದ. ಬಲಗೈ ಚಾಚಿದಾಗ ಮಣಿಕಟ್ಟು ಪೂರ್ತಿ ತಿರುಗಲಿಲ್ಲ.

“ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ.

ಅವನು ಒಂದು ಹೆಂಚು ಎತ್ತಿ ರಾಶಿಯ ಮೇಲಿಟ್ಟ. “ನಿನ್ನ ಕಣ್ಣಿಗೂ ನನ್ನ ಕೈಗೂ ಸರಿಹೋಯ್ತು ಅನ್ಕೊಂಡೆ ಡಂಕನ್.”

“ಸರಿಹೋಗ್ಲಿಲ್ಲ. ಎರಡನ್ನೂ ಒಡೆಸಿದೋನು ಒಬ್ಬನೇ ಅಲ್ವೇನೋ?”

ಅವನು ಹೆಂಚಿನ ರಾಶಿಯ ಮೇಲೆ ಕುಳಿತು ಮುಖ ಮುಚ್ಚಿಕೊಂಡ. ಒಂಬತ್ತು ವರ್ಷದ ದ್ವೇಷ ನನ್ನಲ್ಲಿತ್ತು. ಅಲ್ಲಿ ನಿಂತು ಹುಡುಕಿದರೆ ಅದರಲ್ಲಿ ಅವನ ಪಾಲಿನದೇನೂ ಉಳಿದಿರಲಿಲ್ಲ. ಪೂರ್ತಿ ನಿಮ್ಮ ಕಡೆ ತಿರುಗಿತ್ತು. ಬ್ಯಾಟ್ ಹಿಡಿದು ನಿಮ್ಮ ಕಚೇರಿಗೆ ನುಗ್ಗುವ ಯೋಚನೆ ಮೂರು ದಿನ ಮಾಡಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಅದರ ಬದಲು ಈ ಪತ್ರ.

ಹಾರಾಕ್ಸ್ ಮೊನ್ನೆ ಮಂಗಳವಾರ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದಾನೆ. ಲೋಮಸ್ ಸಾಕ್ಷಿ ಹೇಳಿದ್ದಾರೆ. ಅದು ಅದರ ದಾರಿ ಹಿಡಿಯಲಿ. ನಿಮ್ಮಿಂದ ನನಗೆ ಬೇಕಾದದ್ದು ಎರಡೇ. ಕೈಪಿಡಿಯಿಂದ ಆ ವಾಕ್ಯ ಹೋಗಬೇಕು. ಶನಿವಾರದ ಸದಸ್ಯರ ಸಭೆಯಲ್ಲಿ ನೀವು ಎದ್ದು ನಿಂತು, ಅವನ ಕೈ ಮುರಿದವರು ಯಾರೆಂದು ನಿಮ್ಮ ಬಾಯಿಂದಲೇ ಹೇಳಬೇಕು. ಮುಂದಿನ ಸಾಲಿನಲ್ಲಿ ನಾವು ಮೂವರೂ ಕುಳಿತಿರುತ್ತೇವೆ. ಧೈರ್ಯ ಅಳೆಯುವುದು ನಿಮಗೆ ಗೊತ್ತಿದೆಯಲ್ಲ, ಬನ್ನಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ತಾನಾಗಿಯೇ ಸ್ಟಂಪ್ ಬೀಳಿಸಿಕೊಂಡು ಔಟಾದವನು,
ಡಂಕನ್ ಬ್ಯಾಗ್‌ಶಾ