ಒಮ್ಮೆ ಅದ್ದಿದ ಕುಂಕುಮ

೯ ಅಕ್ಟೋಬರ್ ೧೯೮೯, ಗದಗ

ಖಂಡೇಪೂಜಿ. ಮಿಲ್ಲಿನ ಎಲ್ಲಾ ಮಶೀನಿಗೂ ಹೂವು. ನನ್ನ ಕಂಪ್ಯೂಟರಿನ ಬಾಗಲಾ ತೆಗದು ನಾಕೂ ಡಿಸ್ಕಿಗೆ ಮ್ಯಾಲಿಂದ ಕೆಳಗ ಕುಂಕುಮ ಹಚ್ಚಿದೆ. ಬಟ್ಟಲದ ತಳದಾಗ ಉಳದದ್ದು ಇಷ್ಟೇ — ಒಮ್ಮೆ ಅದ್ದಿದ ಬೆರಳೇ ನಾಕಕ್ಕೂ.

ಮ್ಯಾನೇಜರ್ ದತ್ತಾತ್ರಿ ಬಂದ್ರು. "ತುಳಸಾಬಾಯಾರ, ಹತಾರ ಅಂದಮ್ಯಾಲ ದೇವರ ಮುಂದ ಇಡಬೇಕು!" ತಾವೇ ಡಿಸ್ಕ್ ಬಿಚ್ಚಿ ಒಯ್ದು ಪಾನಾ, ಸುತ್ತಿಗಿ ಜೋಡಿ ಇಟ್ರು. ಬ್ಯಾಡ್ರಿ ಅಂದೆ. ಕೇಳ್ತಾರೇನು!

೧೧ ಅಕ್ಟೋಬರ್

ವಾಪಸ್ ಹಾಕಿದವರೂ ಅವರೇ, ಮನಸ್ಸಿಗೆ ಬಂದಂಗ. ಒಂದು ಕೈಜಾರಿ ಬಿದ್ದದ. ಕಂಪ್ಯೂಟರ್ ಏಳವಲ್ದು. ಅಯ್ಯ ದೇವರ...

ಇನ್ನೂ ಕಾಯಂ ಆಗದ ಬದಲಿ ಹೆಂಗಸರ ಹಾಜರಿ ಎಲ್ಲಾ ಅದರಾಗ. ಹಳೇ ಪುಸ್ತಕ ರದ್ದಿಗೆ ಹೋಗಿ ಕಾಲ ಆತು. ಸೋಮವಾರ ಕಾಯಂ ಮಾಡೋರ ಯಾದಿ ಕಳಸಬೇಕು. ಹಾಜರಿ ಇಲ್ಲಂದ್ರ ಹೆಸರಿಲ್ಲ.

ಹತ್ತಿ ಕಸ ಬಳಿಯೋ ಹನಮವ್ವ ಬಾಗಲದಾಗ ನಿಂತು ಕೇಳಿದ್ಳು — "ಬಾಯಾರ, ನನ್ನ ಹೆಸರು ಐತಿಲ್ರಿ?" ನೋಡ್ತೀನಿ ತಡಿಯವ್ವ ಅಂದು ಹುಬ್ಬಳ್ಳಿಗೆ, ರಿಪೇರಿಯವರಿಗೆ ಫೋನ್ ಹಚ್ಚಿದೆ.

೧೪ ಅಕ್ಟೋಬರ್, ಸಂಜಿ

ಹುಬ್ಬಳ್ಳಿಯಿಂದ ಕಂಪ್ಯೂಟರ್ ರಿಪೇರಿ ಮಾಡೋ ಮಾಶಾಕ ಅನ್ನೋರು ಬಂದಾರ. ಲಕ್ಷ್ಮೇಶ್ವರದಾಗ ತಮ್ಮ ತಂಗಿ ಅಮೀನಬಿ ಮದುವಿ ಮಾತುಕತಿ ಬಿಟ್ಟು! ಬಿದ್ದು ಸತ್ತದ್ದರ ಜಾಗಾಕ್ಕ ಹೊಸ ಡಿಸ್ಕ್ ತಂದಾರ. ನಾಕರಾಗೂ ಲೆಕ್ಕ ಹಂಚಿ ಇಟ್ಟಿರತದಂತ. ಉಳದ ಮೂರು ಛಲೋ ಇದ್ರ ಸತ್ತದ್ದರೊಳಗಿನದೂ ವಾಪಸ್ ಬರ್ತದಂತ. ಆದ್ರ ಮೊದಲ ಯಾವುದು ಎಲ್ಲಿತ್ತೋ ಅಲ್ಲೇ ಇರಬೇಕು. ತಪ್ಪಿದ್ರ ಎಲ್ಲಾ ಅಳಿಸಿ ಹೋಗತದ.

ಎಲ್ಲಿತ್ತೋ ನನಗೇನು ಗೊತ್ತು! ನಾಕೂ ಒಂದೇ ನಮೂನಿ.

"ಕುಂಕುಮ ಹಚ್ಚಿದವರು ಯಾರ್ರಿ?" ಮಾಶಾಕ ಕೇಳಿದ್ರು.

ಬೈತಾರ ಅಂತ ಅಂಜಿಕೋತ ಅಂದೆ, "ನಾನೇ."

"ಅಲ್ರೀ ಅಕ್ಕಾರ, ಒಂದು ಕೆಂಪಗ ಐತಿ, ಒಂದು ಮಸಕ. ಇದರ ಮ್ಯಾಲ ಬರೇ ಬೆರಳಿನ ಗುರುತು. ಹಿಂಗ್ಯಾಕ?"

ಒಮ್ಮೆ ಅದ್ದಿದ ಬೆರಳು! ಮ್ಯಾಲಿಂದ ಕೆಳಗ! ಎದ್ದು ನಿಂತುಬಿಟ್ಟೆ. ದಟ್ಟಂದು ಮ್ಯಾಲ, ಬರೇ ಗುರುತಿಂದು ಎಲ್ಲಾಕಿಂತ ಕೆಳಗ. ಮಸಕಂದು ಎರಡನೇದು; ಬಿದ್ದದ್ದು ಅದಕ್ಕಿಂತಾ ಮಸಕ, ಅದು ಮೂರನೇದು. ಇಬ್ಬರೂ ಕೂಡಿ ಹೊಂದಿಸಿದ್ವಿ.

೧೫ ಅಕ್ಟೋಬರ್, ರವಿವಾರ

ಕಂಪ್ಯೂಟರ್ ಹೊಸ ಡಿಸ್ಕಿನ ಮ್ಯಾಲ ಬರೀಲಿಕ್ಕೆ ಹತ್ತೇದ, ಸಾವಕಾಶ. ಮಾಶಾಕ ಜಾಗಾ ಬಿಟ್ಟು ಏಳವಲ್ರು. ನಾ ಒಯ್ದ ರೊಟ್ಟಿ, ಪುಂಡಿಪಲ್ಯ ಕೂತಲ್ಲೇ ಉಂಡ್ರು. ದತ್ತಾತ್ರಿ ಮೂಲ್ಯಾಗ ಕೂತು ಚಹಾದ ಮ್ಯಾಲ ಚಹಾ ತರಸ್ತಾರ. ಪಾಪ, ಭಕ್ತಿ ಜಾಸ್ತಿ ಆಗಿತ್ತು.

ನಿಮ್ಮ ಉಪಕಾರ ಹೆಂಗ ತೀರಸಲಿ ಅಂತ ಮಾಶಾಕರಿಗೆ ಅಂದ್ರ, "ನಿಮ್ಮ ಕುಂಕುಮದ ಬಟ್ಟಲಾ ತುಂಬಿ ಇದ್ದಿದ್ರ ನಾ ಏನೂ ಮಾಡಾಕ ಆಗತಿದ್ದಿಲ್ರಿ" ಅಂದ್ರು. ನಕ್ಕು ನಕ್ಕು ಕಣ್ಣಾಗ ನೀರು.

೧೬ ಅಕ್ಟೋಬರ್, ಮುಂಜಾನೆ

ಬಂತು! ಹಾಜರಿ ಎಲ್ಲಾ ಬಂತು! ಪ್ರಿಂಟರ್ ಕಿರ್ ಕಿರ್ ಅಂತ ಯಾದಿ ತೆಗೀಲಿಕ್ಕೆ ಹತ್ತೇದ. ಮಾಶಾಕ ಕುರ್ಚಿ ಮ್ಯಾಲೇ ನಿದ್ದಿ ಹೋಗ್ಯಾರ. ದೇವರು ಅವರನ್ನ ತಣ್ಣಗ ಇಡಲಿ.

ಹನಮವ್ವ ಬಾಗಲದಾಗ, ಕೈಯಾಗ ಕಸಬರಗಿ. ಓದಲಿಕ್ಕೆ ಬರೂದಿಲ್ಲ ಅಕಿಗೆ. ಅಕಿ ಬೆರಳು ಹಿಡದು ಹೆಸರಿನ ಮ್ಯಾಲ ಇಟ್ಟು, ನೋಡವ್ವ, ಇದೇ ನೀನು ಅಂದೆ.